ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮನಿಗೆ ತುಮಕೂರಿನಲ್ಲಿ ಮಾರುವ ಇನ್ಶೂರೆನ್ಸ್: ಅಲ್ಲಿನ ಬಿಲ್ ಮುಂದೆ ಯಾವುದು ನಿಲ್ಲುತ್ತದೆ?

ತುಮಕೂರು, ತಿಪಟೂರು, ಶಿರಾ ಕಡೆಯಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವವರ ಸೂಟ್‌ಕೇಸಿಗೆ ಚಟ್ನಿಪುಡಿ, ಕೊಬ್ಬರಿ, ಲೇಹ್ಯ ಎಲ್ಲವೂ ತೂಕ ನೋಡಿ ಸೇರುತ್ತವೆ. ಇನ್ಶೂರೆನ್ಸ್ ಮಾತ್ರ ಟಿಕೆಟ್ ಬುಕ್ ಮಾಡುವ ಹೊತ್ತಿಗೆ ‘ಅದೂ ಒಂದು ಹಾಕಿಬಿಡಿ’ ಎಂದು ಸೇರಿಕೊಳ್ಳುತ್ತದೆ. ಅಮೆರಿಕದ ವಿಸಿಟರ್ ವೀಸಾಕ್ಕೆ ಇನ್ಶೂರೆನ್ಸ್ ಕಡ್ಡಾಯವಲ್ಲ, ಹಾಗಾಗಿ ಯಾರೂ ಪಾಲಿಸಿ ಬಿಚ್ಚಿ ಓದುವುದಿಲ್ಲ. ಮಗನ ಕಂಪನಿ ವಿಮೆಗೆ ಅಪ್ಪ ಅಮ್ಮನನ್ನು ಸೇರಿಸಬಹುದು ಎಂದುಕೊಂಡವರೂ ಬಹಳ. ಬೆಂಗಳೂರಿನ ಕಂಪನಿಗಳಲ್ಲಿ ಅದು ಮಾಮೂಲು. ಅಮೆರಿಕದ ಕಂಪನಿ ವಿಮೆ ಸಾಮಾನ್ಯವಾಗಿ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳಿಗೆ ಮುಗಿಯಿತು.

ಇಲ್ಲಿ ತೂಗಿ ನೋಡಿರುವುದು ನಾಲ್ಕು ಬಗೆಯ ಸರಕು: ಟಿಕೆಟ್ ಜೊತೆ ಅಂಟಿಕೊಂಡು ಬರುವ ಪ್ರಯಾಣ ವಿಮೆ, ನಮ್ಮ ದೇಶದ ಕಂಪನಿಗಳ ಓವರ್‌ಸೀಸ್ ಮೆಡಿಕ್ಲೇಮ್, ಅಲ್ಲಿರುವ ಮಕ್ಕಳು ಆನ್‌ಲೈನಿನಲ್ಲಿ ಕೊಳ್ಳುವ ಅಮೆರಿಕನ್ ವಿಸಿಟರ್ ಪಾಲಿಸಿಗಳಲ್ಲಿ ‘ಫಿಕ್ಸೆಡ್ ಬೆನಿಫಿಟ್’ (ಪ್ರತಿ ಸೇವೆಗೂ ಮೊದಲೇ ಗೊತ್ತುಮಾಡಿದ ಮೊತ್ತ ಮಾತ್ರ ಕೊಡುವುದು), ಅದರದೇ ಇನ್ನೊಂದು ಜಾತಿ ‘ಕಾಂಪ್ರಹೆನ್ಸಿವ್’ (ಒಟ್ಟು ಮಿತಿಯೊಳಗೆ ಬಿಲ್ಲಿನ ಬಹುಪಾಲು ಕೊಡುವುದು). ಹಾಳೆಯ ಮೇಲೆ ದಪ್ಪಗೆ ಅಚ್ಚಾದ ‘1,00,000 ಡಾಲರ್’ ನೋಡಿ ಆರಿಸಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಆ ಮೊತ್ತದಲ್ಲಲ್ಲ, ಆಸ್ಪತ್ರೆ ಬರೆಯುವ ಬೆಲೆಯನ್ನು ಇಳಿಸುವ ಶಕ್ತಿ ಪಾಲಿಸಿಗೆ ಇದೆಯೋ ಇಲ್ಲವೋ ಎಂಬುದರಲ್ಲಿ. ಅದು ತಿಳಿಯಬೇಕಾದರೆ ಮೊದಲು ಅಲ್ಲಿನ ಬಿಲ್ ಹೇಗೆ ಹುಟ್ಟುತ್ತದೆ ಎಂದು ನೋಡಬೇಕು.

ನಮ್ಮಲ್ಲಿ ಡಿಸ್ಚಾರ್ಜ್ ದಿನ ಒಂದು ಫೈನಲ್ ಬಿಲ್, ದುಡ್ಡು ಕಟ್ಟಿದ ಮೇಲೆ ಮನೆಗೆ. ಅಲ್ಲಿ ಮನೆಗೆ ಕಳಿಸಿದ ಮೇಲೆ, ವಾರಗಟ್ಟಲೆ ಕಳೆದು, ಬೇರೆ ಬೇರೆ ಲಕೋಟೆಗಳಲ್ಲಿ ಬಿಲ್‌ಗಳು ಬರುತ್ತವೆ. ಆಸ್ಪತ್ರೆಯ ಕಟ್ಟಡ, ನರ್ಸು, ಮಂಚ, ಯಂತ್ರ, ಔಷಧಿಗೆ ಒಂದು. ಅದು ಯುಬಿ-04 ಎಂಬ ನಮೂನೆಯಲ್ಲಿ ವಿಮೆಗೆ ಹೋಗುತ್ತದೆ. ಎಮರ್ಜೆನ್ಸಿ ಡಾಕ್ಟರದು ಇನ್ನೊಂದು, ಎಕ್ಸ್-ರೇ ಓದಿದ ರೇಡಿಯಾಲಜಿಸ್ಟ್‌ದು ಮತ್ತೊಂದು, ಅರಿವಳಿಕೆ ಕೊಟ್ಟವರದು ಬೇರೆ. ಇವು ಸಿಎಂಎಸ್-1500 ನಮೂನೆಯಲ್ಲಿ. ಆಂಬುಲೆನ್ಸ್ ಇವೆಲ್ಲಕ್ಕೂ ಹೊರಗೆ. ಎಷ್ಟೋ ಸಲ ಈ ಡಾಕ್ಟರುಗಳು ಆಸ್ಪತ್ರೆಯ ಸಂಬಳದವರಲ್ಲ, ಬೇರೆ ಗುಂಪಿನವರು. ಆಸ್ಪತ್ರೆ ನಿಮ್ಮ ವಿಮೆಯ ನೆಟ್‌ವರ್ಕಿನಲ್ಲಿ (ವಿಮೆಯ ಜೊತೆ ದರ ಒಪ್ಪಿಕೊಂಡವರ ಪಟ್ಟಿಯಲ್ಲಿ) ಇದ್ದು, ಒಳಗಿನ ಡಾಕ್ಟರು ಇಲ್ಲದಿರಬಹುದು.

ಪ್ರತಿ ಸಾಲಿಗೂ ಕೋಡ್ ಇರುತ್ತದೆ. ರೋಗಕ್ಕೆ ಐಸಿಡಿ-10, ಮಾಡಿದ ಕೆಲಸಕ್ಕೆ ಸಿಪಿಟಿ. ಎಮರ್ಜೆನ್ಸಿ ರೂಮಿನ ಭೇಟಿಗೆ 99281ರಿಂದ 99285ರವರೆಗೆ ಐದು ಮಟ್ಟ. ಸಣ್ಣ ಗಾಯ ಕೆಳಗೆ, ಎದೆನೋವು ಮೇಲೆ. ಒಂದು ಮಟ್ಟ ಏರಿದರೆ ಬೆಲೆಯೂ ಏರುತ್ತದೆ, ಹಾಗಾಗಿ ಬಿಲ್ ತಕರಾರುಗಳಲ್ಲಿ ಬಹಳಷ್ಟು ಈ ಕೊನೆಯ ಅಂಕಿಯ ಸುತ್ತಲೇ ಇರುತ್ತವೆ.

ಇನ್ನು ಬೆಲೆ. ಪ್ರತಿ ಆಸ್ಪತ್ರೆಗೂ ‘ಚಾರ್ಜ್‌ಮಾಸ್ಟರ್’ ಎಂಬ ದರಪಟ್ಟಿ ಇರುತ್ತದೆ. ಅದರಲ್ಲಿ ಇರುವುದು ಆಷಾಢದ ಸೇಲಿಗೆ ಮುಂಚೆ ಸೀರೆಗೆ ಅಂಟಿಸುವಂಥ ಚೀಟಿ ಬೆಲೆ. ದೊಡ್ಡ ವಿಮಾ ಕಂಪನಿಗಳು ಚೌಕಾಸಿ ಮಾಡಿ ಅದಕ್ಕಿಂತ ಬಹಳ ಕಡಿಮೆ ದರ ಗೊತ್ತು ಮಾಡಿಕೊಂಡಿರುತ್ತವೆ. 65 ದಾಟಿದ ಅಮೆರಿಕನ್ನರ ಸರ್ಕಾರಿ ವಿಮೆ ಮೆಡಿಕೇರ್ ಚೌಕಾಸಿಯನ್ನೂ ಮಾಡುವುದಿಲ್ಲ. ಒಳರೋಗಿಗಳಿಗೆ 1983ರಿಂದ ರೋಗದ ಗುಂಪಿನ ಪ್ರಕಾರ ತಾನೇ ದರ ಗೊತ್ತುಮಾಡಿ ಕೊಡುತ್ತದೆ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರ ಗೊತ್ತಿದ್ದವರಿಗೆ ಇದು ಹೊಸದಲ್ಲ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಅಧ್ಯಯನದ ಪ್ರಕಾರ 2022ರಲ್ಲಿ ಖಾಸಗಿ ವಿಮೆಗಳು ಆಸ್ಪತ್ರೆಗಳಿಗೆ ಕೊಟ್ಟದ್ದು ಸರಾಸರಿ ಮೆಡಿಕೇರ್ ದರದ 254%. ಅಂದರೆ ಚೌಕಾಸಿ ಮಾಡಿದವರೂ ಎರಡೂವರೆ ಪಟ್ಟು ಕೊಡುತ್ತಿದ್ದಾರೆ. ಚೌಕಾಸಿಯೇ ಇಲ್ಲದವನಿಗೆ, ಅಂದರೆ ಕಾರ್ಡು ತೋರಿಸದೆ ಒಳಗೆ ಹೋದ ನಮ್ಮೂರಿನ ತಾಯಿಗೆ, ಮೊದಲು ಬರೆಯುವುದು ಚೀಟಿ ಬೆಲೆಯನ್ನೇ. (ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಉಚಿತವಾಗಿ ನಡೆಯುವ ಆಸ್ಪತ್ರೆ ನೋಡಿ ಬಂದವರಿಗೆ ಈ ಲೆಕ್ಕ ಬೇರೆ ಗ್ರಹದ್ದು ಎನಿಸೀತು.)

ಒಂದು ಅನುಕೂಲ: 2021ರ ಜನವರಿ 1ರಿಂದ ಅಲ್ಲಿನ ಆಸ್ಪತ್ರೆಗಳು ಚೀಟಿ ಬೆಲೆ, ನಗದು ಬೆಲೆ, ಪ್ರತಿ ವಿಮಾ ಕಂಪನಿಯ ಜೊತೆ ಒಪ್ಪಿದ ಬೆಲೆ ಎಲ್ಲವನ್ನೂ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಪುಟದ ಕೆಳಗೆ ‘ಪ್ರೈಸ್ ಟ್ರಾನ್ಸ್‌ಪರೆನ್ಸಿ’ ಎಂಬ ಕೊಂಡಿ ಇರುತ್ತದೆ. ಮಗಳ ಮನೆಯ ಹತ್ತಿರದ ಎರಡು ಆಸ್ಪತ್ರೆಗಳ ಪಟ್ಟಿ ತೆಗೆದು 99285ರ ನಗದು ಬೆಲೆ ಹೋಲಿಸಿ ನೋಡಿ. ಪಾಲಿಸಿ ಕೊಳ್ಳುವ ಮುಂಚೆ ಮಾಡಬಹುದಾದ ಒಳ್ಳೆಯ ಮನೆಗೆಲಸ ಅದು.

ಈಗ ಲೆಕ್ಕ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಎದೆನೋವು, ಎಮರ್ಜೆನ್ಸಿ, ಆಂಜಿಯೋಗ್ರಾಂ, ಎರಡು ರಾತ್ರಿ. ಚೀಟಿ ಬೆಲೆ 60,000 ಡಾಲರ್, ನೆಟ್‌ವರ್ಕ್ ಬೆಲೆ 22,000 ಎನ್ನಿ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಡಿಡಕ್ಟಿಬಲ್, ಅಂದರೆ ಮೊದಲು ನೀವೇ ಕೊಡಬೇಕಾದ ಮೊತ್ತ, 500. ನಂತರದ 5,000ಕ್ಕೆ ಕಂಪನಿಯದು 80%, ನಿಮ್ಮದು 20% ಪಾಲು. ಆಮೇಲೆ ಪೂರ್ತಿ ಕಂಪನಿಯದು. ನಿಮ್ಮ ಕೈಯಿಂದ 500 ಮತ್ತು 1,000, ಒಟ್ಟು 1,500. ಕಂಪನಿ ಕೊಟ್ಟದ್ದು 20,500. ಉಳಿದ 38,000 ಯಾರೂ ಕೊಡಲಿಲ್ಲ, ನೆಟ್‌ವರ್ಕ್ ದರದಿಂದ ಬಿಲ್ಲಿನಲ್ಲೇ ಅಳಿಸಿಹೋಯಿತು. ಇದೇ ಕೇಸಿಗೆ ಫಿಕ್ಸೆಡ್ ಪಾಲಿಸಿಯಲ್ಲಿ ಎಮರ್ಜೆನ್ಸಿಗೆ 400, ಕೊಠಡಿಗೆ ರಾತ್ರಿಗೆ 1,500ರಂತೆ 3,000, ಪರೀಕ್ಷೆಗಳಿಗೆ 600, ಡಾಕ್ಟರ್ ಭೇಟಿಗಳಿಗೆ 400, ಆಂಜಿಯೋಗ್ರಾಮಿಗೆ 2,600, ಒಟ್ಟು 7,000. ನೆಟ್‌ವರ್ಕ್ ಇಲ್ಲದ ಪಾಲಿಸಿಯಾದರೆ ಉಳಿದ 53,000 ನಿಮ್ಮ ತಲೆಗೆ, ಡಾಲರಿಗೆ 85 ರೂಪಾಯಿ ಎಂದೇ ಹಿಡಿದರೂ 45 ಲಕ್ಷ. ಎರಡೂ ಪಾಲಿಸಿಯ ಮುಖಪುಟದಲ್ಲಿ ಬರೆದಿದ್ದು ‘1,00,000 ಡಾಲರ್’. ಫಿಕ್ಸೆಡ್‌ನಲ್ಲಿ ಇಂಥ ಕೇಸಿಗೆ ಆ ಲಕ್ಷದ ಹತ್ತಿರಕ್ಕೂ ಹೋಗಲು ದಾರಿಯೇ ಇಲ್ಲ, ಪ್ರತಿ ಬಾಗಿಲಿಗೂ ಬೇರೆ ಬೀಗ.

ಫಿಕ್ಸೆಡ್ ಪಾಲಿಸಿಯ ಇನ್ನೊಂದು ಕೊರತೆ ಬ್ರೋಷರಿನಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲಿ ರೋಗಿಯನ್ನು ‘ಅಬ್ಸರ್ವೇಶನ್’ನಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಮಂಚ, ಡ್ರಿಪ್, ಮಾನಿಟರ್ ಎಲ್ಲ ಇದ್ದರೂ ಕಾಗದದ ಮೇಲೆ ಅದು ಹೊರರೋಗಿ ಲೆಕ್ಕ. ‘ಒಳರೋಗಿಯಾಗಿ ದಾಖಲಾದರೆ ರಾತ್ರಿಗೆ ಇಷ್ಟು’ ಎನ್ನುವ ಪಾಲಿಸಿಯಲ್ಲಿ ಆ ಎರಡು ರಾತ್ರಿಗೆ ಕೊಠಡಿ ದುಡ್ಡು ಬರುವುದಿಲ್ಲ. ದಾಖಲಾದಾಗ ‘ಇನ್‌ಪೇಶೆಂಟೋ ಅಬ್ಸರ್ವೇಶನ್ನೋ’ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಯಾವ ಪಾಲಿಸಿಗಾದರೂ ಒಳ್ಳೆಯದು. ಹಲವು ಫಿಕ್ಸೆಡ್ ಪಾಲಿಸಿಗಳಲ್ಲಿ ಡಿಡಕ್ಟಿಬಲ್ ಪ್ರತಿ ಕಾಯಿಲೆಗೂ ಹೊಸದಾಗಿ ಕಡಿತವಾಗುತ್ತದೆ. ಜ್ವರಕ್ಕೊಮ್ಮೆ, ಬಿದ್ದ ಕಾಲಿಗೊಮ್ಮೆ. ಪ್ರೀಮಿಯಂ ಅಗ್ಗ ಎನ್ನುವುದೊಂದೇ ಇದರ ಗುಣ. ಐದಕ್ಕೆ ಒಂದೂವರೆ ಅಂಕ, ಅದೂ ದಾಕ್ಷಿಣ್ಯಕ್ಕೆ.

ಟಿಕೆಟ್ ಜೊತೆ ಬರುವ ವಿಮೆ ಮುಖ್ಯವಾಗಿ ಲಗೇಜು ಕಳೆದರೆ, ವಿಮಾನ ತಡವಾದರೆ ಎಂಬುದಕ್ಕೆ. ವೈದ್ಯಕೀಯ ಭಾಗ ಎಷ್ಟು ಎಂದು ನೋಡದೆ ಅದನ್ನು ನಂಬಿ ಆರು ತಿಂಗಳು ಇರುವುದು ಬೇಡ. ಅಷ್ಟು ಸಾಕು ಅದರ ಬಗ್ಗೆ.

ನಮ್ಮ ದೇಶದ ಕಂಪನಿಗಳ ಓವರ್‌ಸೀಸ್ ಪಾಲಿಸಿಯನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. ಬಿ.ಎಚ್. ರಸ್ತೆಯ ಏಜೆಂಟರ ಹತ್ತಿರವೂ ಸಿಗುತ್ತದೆ, ರೂಪಾಯಿಯಲ್ಲಿ ಪ್ರೀಮಿಯಂ. 50,000, 1,00,000, 2,50,000, 5,00,000 ಡಾಲರಿನ ಹಂತಗಳು ಸಾಮಾನ್ಯ. ಭಾರತ ಬಿಡುವ ಮೊದಲೇ ಕೊಳ್ಳಬೇಕು, ಅಲ್ಲಿ ಇಳಿದ ಮೇಲೆ ಆಗದು. ಇದರ ನಿಜವಾದ ಬಲ ಜಗಳದ ಹೊತ್ತಿಗೆ ಗೊತ್ತಾಗುತ್ತದೆ. ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗ, ಅದು 30 ದಿನದಲ್ಲಿ ಬಗೆಹರಿಸದಿದ್ದರೆ ವಿಮೆ ದೂರು ಕೇಳಲೆಂದೇ ಇರುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗೆ ಆದೇಶ ಮಾಡಬಹುದು, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಬೇಡವೆಂದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ; 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ಅಮೆರಿಕನ್ ಪಾಲಿಸಿಗೆ ಈ ಯಾವ ಬಾಗಿಲೂ ಇಲ್ಲ, ಹೆಚ್ಚಾಗಿ ಇಮೇಲ್ ಮತ್ತು ಮಕ್ಕಳ ಫೋನೇ ಗತಿ.

ಕೊರತೆ ಎಲ್ಲಿ? ಉಪಮಿತಿಯಲ್ಲಿ. ವಯಸ್ಸು ಐವತ್ತರ ಮೇಲೆ, ಅರವತ್ತರ ಮೇಲೆ ಎಂದು ಗೆರೆ ಹಾಕಿ, ಕೊಠಡಿಗೆ ದಿನಕ್ಕಿಷ್ಟು, ಐಸಿಯುಗೆ ಇಷ್ಟು, ಸರ್ಜನ್‌ಗೆ ಇಷ್ಟು, ಅರಿವಳಿಕೆಗೆ ಇಷ್ಟು ಎಂದು ಕಟ್ಟಿಹಾಕಿರುವ ಪಾಲಿಸಿಗಳು ಇವೆ. ಹಾಗಿದ್ದರೆ ಅದು ಹೆಸರು ಬದಲಿಸಿದ ಫಿಕ್ಸೆಡ್ ಪಾಲಿಸಿಯೇ. ಸ್ವಲ್ಪ ಹೆಚ್ಚು ಕಟ್ಟಿದರೆ ‘ಸಬ್-ಲಿಮಿಟ್ ಇಲ್ಲದ’ ರೂಪವೂ ಕೆಲವರಲ್ಲಿ ಸಿಗುತ್ತದೆ. ಏಜೆಂಟರಿಗೆ ಕೇಳಬೇಕಾದ ಪ್ರಶ್ನೆ ಮೊತ್ತ ಎಷ್ಟು ಎಂದಲ್ಲ: ‘ನನ್ನ ವಯಸ್ಸಿಗೆ ಉಪಮಿತಿ ಪಟ್ಟಿ ಇದೆಯಾ, ಇದ್ದರೆ ಆ ಹಾಳೆ ಕೊಡಿ’. ಕೊಡಲು ತಡಬಡಾಯಿಸಿದರೆ ಉತ್ತರ ಸಿಕ್ಕಿತು ಎಂದು ತಿಳಿಯಿರಿ.

ಅದಕ್ಕಿಂತ ಕೆಟ್ಟದ್ದು ಪ್ರಪೋಸಲ್ ಫಾರಂ. ‘ಬಿಪಿ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ’ ಎಂಬ ಜಾಗದಲ್ಲಿ ಏಜೆಂಟರೇ ‘ಇಲ್ಲ’ ಎಂದು ಗುರುತು ಹಾಕಿ ಓಟಿಪಿ ಕೇಳುವುದು ಉಂಟು. ‘ಇದೆ ಅಂದ್ರೆ ರಿಜೆಕ್ಟ್ ಆಗುತ್ತೆ ಸಾರ್’ ಎನ್ನುತ್ತಾರೆ. ಫಾರಂನಲ್ಲಿ ಸುಳ್ಳಿದ್ದರೆ ರಿಜೆಕ್ಟ್ ಆಗುವುದು ಆಮೇಲೆ, ಆಸ್ಪತ್ರೆ ಬಿಲ್ ಬಂದ ಮೇಲೆ. ಅಮೆರಿಕದ ಆಸ್ಪತ್ರೆಯಲ್ಲಿ ನರ್ಸು ಮೊದಲು ಕೇಳುವುದೇ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು, ಅದು ದಾಖಲೆಗೆ ಹೋಗುತ್ತದೆ, ದಾಖಲೆ ಕಂಪನಿಗೆ ಹೋಗುತ್ತದೆ. ಫಾರಂ ನೀವೇ ತುಂಬಿ. ಉಪಮಿತಿ ಇಲ್ಲದ ಪಾಲಿಸಿಗೆ ಐದಕ್ಕೆ ಮೂರು, ಉಪಮಿತಿ ಇದ್ದದ್ದಕ್ಕೆ ಎರಡು.

ಕಾಂಪ್ರಹೆನ್ಸಿವ್ ಪಾಲಿಸಿಗೆ ನಾಲ್ಕರ ಹತ್ತಿರ ಕೊಡಬಹುದು, ಒಂದು ದೊಡ್ಡ ತಕರಾರಿನ ಜೊತೆ. ಅದು ಹಳೆಯ ಕಾಯಿಲೆಯ ಷರತ್ತು. ಮೊದಲೇ ಇದ್ದ ಕಾಯಿಲೆಗೆ ಈ ಪಾಲಿಸಿಗಳು ಸಾಮಾನ್ಯವಾಗಿ ಕೊಡುವುದು ‘ಅಕ್ಯೂಟ್ ಆನ್‌ಸೆಟ್’ ಮಾತ್ರ. ಅಂದರೆ ಮುನ್ಸೂಚನೆ ಇಲ್ಲದೆ ದಿಢೀರನೆ ಕಾಣಿಸಿಕೊಂಡು, ಬೇಗ ಉಲ್ಬಣಿಸಿ, ತಕ್ಷಣ ಚಿಕಿತ್ಸೆ ಬೇಕಾದದ್ದು. ಹಲವು ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಆಸ್ಪತ್ರೆ ಸೇರಿರಬೇಕು. ನಿಧಾನವಾಗಿ ಹದಗೆಟ್ಟ ಸಕ್ಕರೆ, ದಿನೇ ದಿನೇ ಹೆಚ್ಚಿದ ಮಂಡಿನೋವು, ಮಾಮೂಲಿ ತಪಾಸಣೆ, ಖಾಲಿಯಾದ ಮಾತ್ರೆ, ಇದಕ್ಕೆಲ್ಲ ಒಂದು ಡಾಲರೂ ಇಲ್ಲ. ಹೃದಯಕ್ಕೆ ಬೇರೆ ಮಿತಿ ಇಟ್ಟಿರುವವರೂ ಇದ್ದಾರೆ. ವಯಸ್ಸು 70 ದಾಟಿದರೆ ಈ ಸೌಲಭ್ಯ ಕಡಿಮೆಯಾಗಬಹುದು ಅಥವಾ ನಿಂತೇ ಹೋಗಬಹುದು. 80 ದಾಟಿದರೆ ಒಟ್ಟು ಮೊತ್ತವೇ ತೀರ ಕೆಳಗಿಳಿಯುತ್ತದೆ. ಪಾಲಿಸಿಯ ಪಿಡಿಎಫ್ ತೆಗೆದು ‘ಅಕ್ಯೂಟ್ ಆನ್‌ಸೆಟ್’ ಎಂದು ಹುಡುಕಿ, ವಯಸ್ಸಿನ ಸಾಲು ಓದಿ. ಬೇರೇನೂ ಓದದಿದ್ದರೂ ಇದನ್ನು ಓದಲೇಬೇಕು.

ಈ ಷರತ್ತಿನಿಂದ ಕ್ಲೇಮು ಬೀಳುವುದು ಹೆಚ್ಚಾಗಿ ಮಾತಿನಲ್ಲಿ. ‘ಯಾವಾಗಿನಿಂದ ನೋವು’ ಎಂದು ಕೇಳಿದರೆ ನಮ್ಮ ಹಿರಿಯರು ಅಂದಾಜಿಗೆ ‘ಮೊದಲಿಂದಲೂ ಸ್ವಲ್ಪ ಇತ್ತು’ ಎನ್ನುತ್ತಾರೆ. ನರ್ಸು ಅದನ್ನು ಹಾಗೇ ಬರೆಯುತ್ತಾಳೆ, ಕಂಪನಿ ಆ ಸಾಲನ್ನೇ ಹಿಡಿಯುತ್ತದೆ. ಸುಳ್ಳು ಹೇಳಿ ಎಂದಲ್ಲ. ಇವತ್ತು ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಯಿತು, ಹಿಂದೆ ಇದ್ದದ್ದು ಇದೇ ನೋವೋ ಗ್ಯಾಸಿನದೋ ಎಂದು ಸರಿಯಾಗಿ ಬೇರ್ಪಡಿಸಿ ಹೇಳಬೇಕು. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ಭಾಷೆ ಬಾರದವರಿಗೆ ದುಭಾಷಿಯನ್ನು ಉಚಿತವಾಗಿ ಕೊಡಬೇಕು. ‘ಕನ್ನಡ ಇಂಟರ್‌ಪ್ರಿಟರ್ ಬೇಕು’ ಎಂದು ಕೇಳಿದರೆ ಫೋನಿನಲ್ಲಿ ಹುಡುಕುತ್ತಾರೆ. ಗಾಬರಿಯಲ್ಲಿರುವ ಅಳಿಯ ಅರ್ಧ ಅನುವಾದಿಸುವುದಕ್ಕಿಂತ ಅದು ಮೇಲು.

ಕ್ಲೇಮು ಬಂದ ಕೂಡಲೇ ಕಂಪನಿ ಕೇಳುವುದು ಭಾರತದ ಹಳೆಯ ದಾಖಲೆಗಳನ್ನು. ಇಲ್ಲಿ ಕೆಲಸ ನಿಲ್ಲುತ್ತದೆ. ಎಸ್.ಎಸ್. ಪುರಂ ಕ್ಲಿನಿಕ್ಕಿನ ಡಾಕ್ಟರು ಕೊಟ್ಟ ಚೀಟಿ ಮನೆಯಲ್ಲಿ ಎಲ್ಲೋ ಇರುತ್ತದೆ, ಅವರ ಹತ್ತಿರ ಪ್ರತಿ ಇರುವುದಿಲ್ಲ. ಹೊರಡುವ ಮುಂಚೆ, ಸಿದ್ಧಗಂಗಾ ಆಸ್ಪತ್ರೆಯೋ ಸಿದ್ಧಾರ್ಥ ಮೆಡಿಕಲ್ ಕಾಲೇಜೋ ಎಲ್ಲಿ ತೋರಿಸಿದ್ದರೂ, ಹಿಂದಿನ ಎರಡು ವರ್ಷದ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಇಸಿಜಿ, ರಕ್ತಪರೀಕ್ಷೆ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಕಾಯಿಲೆ, ಮಾತ್ರೆಯ ಮೂಲ ಹೆಸರು, ಪ್ರಮಾಣ, ಹತೋಟಿಯಲ್ಲಿದೆ ಎಂಬ ಒಂದು ಸಾಲು ಬರೆಸಿ. ಮಾತ್ರೆ ಸ್ಟ್ರಿಪ್ ಸಮೇತ, ಚೀಟಿ ಸಮೇತ ಒಯ್ಯಿರಿ. ಸ್ವಂತ ಬಳಕೆಗೆ 90 ದಿನದಷ್ಟು ಎಂಬುದು ಅಲ್ಲಿನ ಸಾಮಾನ್ಯ ಅಳತೆ.

ಪಾಲಿಸಿ ಆರಿಸುವಾಗ 250 ಅಥವಾ 500 ಡಾಲರ್ ಡಿಡಕ್ಟಿಬಲ್ ಸಾಕು. ಶೂನ್ಯಕ್ಕೆ ಹೋದರೆ ಪ್ರೀಮಿಯಂ ಏರುತ್ತದೆ, 2,500ಕ್ಕೆ ಹೋದರೆ ಸಣ್ಣಪುಟ್ಟದ್ದೆಲ್ಲ ಕೈಯಿಂದ. ಗರಿಷ್ಠ ಮೊತ್ತ ಒಂದು ಲಕ್ಷ ಡಾಲರಿಗಿಂತ ಕಡಿಮೆ ಬೇಡ. ಹೊರಡುವ ದಿನದಿಂದಲೇ ಶುರುವಾಗಲಿ, ವಾಪಸಾತಿ ಮುಂದಕ್ಕೆ ಹೋದರೆ ಮುಗಿಯುವ ಮುಂಚೆಯೇ ವಿಸ್ತರಿಸಿ. ಒಂದು ದಿನ ಬಿಟ್ಟುಹೋದರೂ ಹೊಸ ಪಾಲಿಸಿ, ಹೊಸ ಡಿಡಕ್ಟಿಬಲ್, ನಡುವೆ ಬಂದ ಕಾಯಿಲೆ ‘ಹಳೆಯದು’.

ಅಲ್ಲಿ ಹೋದ ಮೇಲೆ, ಜ್ವರ, ಕೆಮ್ಮು, ಉಳುಕಿಗೆ ಎಮರ್ಜೆನ್ಸಿ ರೂಮ್ ಬೇಡ, ಅರ್ಜೆಂಟ್ ಕೇರ್ (ಮುಂಚೆ ಸಮಯ ಗೊತ್ತುಮಾಡದೆ ಹೋಗಬಹುದಾದ ಕ್ಲಿನಿಕ್) ಸಾಕು. ಕೆಲವು ಪಾಲಿಸಿಗಳು ಎಮರ್ಜೆನ್ಸಿಗೆ ಹೋಗಿ ದಾಖಲಾಗದೆ ಬಂದರೆ ಹೆಚ್ಚುವರಿ ಕಡಿತ ಹಾಕುತ್ತವೆ. ಎದೆನೋವು, ಪಾರ್ಶ್ವವಾಯು, ಉಸಿರಾಟದ ತೊಂದರೆಗೆ ಯೋಚನೆಯೇ ಬೇಡ, ಅಲ್ಲಿನ ತುರ್ತು ಸಂಖ್ಯೆ 911. ಎಂಟಾಲಾ ಎಂಬ 1986ರ ಕಾಯ್ದೆಯಡಿ ಎಮರ್ಜೆನ್ಸಿಯವರು ದುಡ್ಡು ಕೇಳದೆ ಪರೀಕ್ಷಿಸಿ ಸ್ಥಿರಗೊಳಿಸಲೇಬೇಕು. ಬಿಲ್ ಮಾತ್ರ ಆಮೇಲೆ ಬರುತ್ತದೆ.

ಕೌಂಟರಿನಲ್ಲಿ ಆಗುವ ಎಡವಟ್ಟು ಬಹುತೇಕ ಒಂದೇ. ಕಾರ್ಡಿನ ಮೇಲೆ ದೊಡ್ಡ ನೆಟ್‌ವರ್ಕ್ ಕಂಪನಿಯ ಲಾಂಛನ ಇರುತ್ತದೆ, ಗುಮಾಸ್ತರು ಕಂಪ್ಯೂಟರಿನಲ್ಲಿ ಆ ಕಂಪನಿಯನ್ನೇ ಆರಿಸುತ್ತಾರೆ. ಆ ಕಂಪನಿಯಲ್ಲಿ ನಿಮ್ಮ ಹೆಸರು ಇಲ್ಲ, ಬಿಲ್ ‘ಸದಸ್ಯರಲ್ಲ’ ಎಂದು ವಾಪಸು ಬಂದು, ಕೊನೆಗೆ ‘ಸೆಲ್ಫ್ ಪೇ’ ಎಂದು ಚೀಟಿ ಬೆಲೆಗೆ ಬೀಳುತ್ತದೆ. ಕಾರ್ಡಿನ ಹಿಂಬದಿಯ ಪೇಯರ್ ಐಡಿ (ಬಿಲ್ ಯಾವ ವಿಮೆಗೆ ಹೋಗಬೇಕೆಂದು ಹೇಳುವ ಸಂಖ್ಯೆ) ಮತ್ತು ಕ್ಲೇಮು ವಿಳಾಸವನ್ನು ಬೆರಳಿಟ್ಟು ತೋರಿಸಿ, ಅದನ್ನೇ ನಮೂದಿಸಲು ಹೇಳಿ. ದಾಖಲಾದರೆ ಪಾಲಿಸಿಯ ಸಹಾಯವಾಣಿಗೆ ಅಂದೇ ಫೋನ್ ಮಾಡಿ, ಉಲ್ಲೇಖ ಸಂಖ್ಯೆ ಬರೆದುಕೊಳ್ಳಿ. ಇನ್ನೊಂದು: ದಾಖಲಾತಿ ಕಾಗದದಲ್ಲಿ ‘ಗ್ಯಾರಂಟರ್’ ಎಂಬ ಜಾಗ ಇರುತ್ತದೆ. ಮಗ ಅಥವಾ ಮಗಳು ಅಲ್ಲಿ ಸಹಿ ಹಾಕಿದರೆ ಬಾಕಿ ಅವರ ಹೆಸರಿಗೆ ಬರುತ್ತದೆ. ಅದರ ಬದಲು ರೋಗಿಯ ಪ್ರತಿನಿಧಿ ಎಂದಷ್ಟೇ ಸಹಿ ಹಾಕಬಹುದು.

ಬಿಲ್ ಬಂದ ಕೂಡಲೇ ಕಟ್ಟಬೇಡಿ. ಮೊದಲು ವಿಮೆಯ ‘ಇಒಬಿ’ (ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್ ಎಂಬ ಲೆಕ್ಕದ ಹಾಳೆ) ಬರಲಿ. ಯಾವ ಸಾಲಿಗೆ ಎಷ್ಟು ಒಪ್ಪಿದರು, ನಿಮ್ಮ ಪಾಲು ಎಷ್ಟು ಎಂದು ಅದರಲ್ಲಿರುತ್ತದೆ. ಅದು ಬಿಲ್ ಅಲ್ಲ, ಬಿಲ್ಲನ್ನು ತಾಳೆ ನೋಡುವ ಕಾಗದ. ಆಸ್ಪತ್ರೆಯಿಂದ ಸಾಲುಸಾಲಾಗಿ ವಿವರವಿರುವ ಐಟಮೈಸ್ಡ್ ಬಿಲ್ ಕೇಳಿ, ಒಂದೇ ಪರೀಕ್ಷೆ ಎರಡು ಸಲ ಇದೆಯೇ, ಔಷಧಿಯ ಪ್ರಮಾಣ ಸರಿಯೇ, ಎಮರ್ಜೆನ್ಸಿ ಮಟ್ಟ ಏನು ಎಂದು ನೋಡಿ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆ ನೆಟ್‌ವರ್ಕ್ ಹೊರಗಿನ ಎಮರ್ಜೆನ್ಸಿ ಬಿಲ್ಲಿನಿಂದ ಅಮೆರಿಕದ ಸಾಮಾನ್ಯ ವಿಮೆಯವರನ್ನು ಕಾಪಾಡುತ್ತದೆ. ವಿಸಿಟರ್ ಪಾಲಿಸಿಗೆ ಆ ರಕ್ಷಣೆ ಇಲ್ಲ, ರಸ್ತೆ ಆಂಬುಲೆನ್ಸ್ ಯಾರಿಗೂ ಅದರಲ್ಲಿ ಸೇರಿಲ್ಲ. ಆದರೂ ಮುಂಚೆ ದಿನ ಗೊತ್ತುಮಾಡಿದ ಚಿಕಿತ್ಸೆಗೆ, ವಿಮೆ ಇಲ್ಲದವರಿಗೆ ಲಿಖಿತ ಅಂದಾಜು ಕೊಡಬೇಕು. ಬಿಲ್ ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಬಂದರೆ 120 ದಿನದೊಳಗೆ ತಕರಾರು ಹಾಕಬಹುದು.

ವಿಮೆ ಕೈಬಿಟ್ಟ ಬಾಕಿಗೆ ಎರಡು ದಾರಿ. ಒಂದು, ಆಸ್ಪತ್ರೆ ತಾನೇ ವೆಬ್‌ಸೈಟಿನಲ್ಲಿ ಹಾಕಿರುವ ನಗದು ಬೆಲೆ ತೋರಿಸಿ ಅಷ್ಟಕ್ಕೆ ಇಳಿಸಲು ಕೇಳುವುದು. ಎರಡು, ಲಾಭರಹಿತ ಆಸ್ಪತ್ರೆಯಾದರೆ ತೆರಿಗೆ ಕಾನೂನಿನ 501(ಆರ್) ಪ್ರಕಾರ ಲಿಖಿತ ನೆರವಿನ ನಿಯಮ ಇರಲೇಬೇಕು. ಡಿಸ್ಚಾರ್ಜ್ ನಂತರದ ಮೊದಲ ಬಿಲ್ಲಿನಿಂದ 240 ದಿನ ಅರ್ಜಿ ತೆಗೆದುಕೊಳ್ಳಬೇಕು. ಅರ್ಹರಾದವರಿಗೆ ವಿಮೆಯವರಿಗೆ ಹಾಕುವ ಸರಾಸರಿಗಿಂತ ಹೆಚ್ಚು ಹಾಕುವಂತಿಲ್ಲ. ಕೆಲವರು ಸ್ಥಳೀಯ ನಿವಾಸಿಗಳಿಗೆ ಮಾತ್ರ ಎನ್ನುತ್ತಾರೆ, ನಿಯಮದ ಪ್ರತಿ ಕೇಳಿ ಓದಿ. ಆದಾಯದ ಪುರಾವೆಗೆ ಅಪ್ಪನ ಪಿಂಚಣಿ ಪಾಸ್‌ಬುಕ್, ಐಟಿ ರಿಟರ್ನ್ ಲಗತ್ತಿಸಬಹುದು. ಮಗನ ಸಂಬಳದ ಚೀಟಿ ಕೇಳಿದರೆ ರೋಗಿ ಅವನ ಮೇಲೆ ತೆರಿಗೆ ಲೆಕ್ಕದಲ್ಲಿ ಅವಲಂಬಿತರೇ ಎಂಬುದನ್ನು ಮೊದಲು ಸ್ಪಷ್ಟಪಡಿಸಿ.

ಹಿಂತಿರುಗುವ ವಿಮಾನಕ್ಕೆ ಮುಂಚೆ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಿಂದ ಪೂರ್ತಿ ದಾಖಲೆ ತೆಗೆದುಕೊಳ್ಳಿ, ಮಗಳ ಜೊತೆ ಮಾತಾಡಲು ಆಸ್ಪತ್ರೆಗೂ ವಿಮಾ ಕಂಪನಿಗೂ ಅನುಮತಿ ಪತ್ರಕ್ಕೆ ಸಹಿ ಹಾಕಿ ಬನ್ನಿ. ಕ್ಲೇಮು ಸಲ್ಲಿಸುವ ಗಡುವು ಪಾಲಿಸಿಯಲ್ಲಿ ಬರೆದಿರುತ್ತದೆ, ಬಿಲ್‌ಗಳು ಅದರೊಳಗೇ ಬರುತ್ತವೆಂಬ ಖಾತ್ರಿ ಇಲ್ಲ. ಒಂದು ಬಿಲ್ ಇದ್ದರೂ ಸರಿ, ಅದರ ಜೊತೆ ಕ್ಲೇಮು ಫಾರಂ ಹಾಕಿ ಕೇಸು ತೆರೆದಿಡಿ. ಉಳಿದ ಲಕೋಟೆಗಳು ಮಗಳ ಮನೆಗೆ ಬಂದಂತೆ ಅದೇ ಸಂಖ್ಯೆಗೆ ಅವಳು ಸೇರಿಸುತ್ತಾ ಹೋಗಬಹುದು.